‘ಅಯ್ಯೋ’ ಓದಲು ಕಲಿಸಿದ ಮಾಸ್ತರು

ಬೈಬಲ್ ಓದುವಾಗ ಮಾಸ್ತರ ಕುತ್ತಿಗೆಯ ನರಗಳು ಹುರಿಹಗ್ಗದಂತೆ ಉಬ್ಬುತ್ತಿದ್ದವು, ಧ್ವನಿ ಮಾತ್ರ ಏರುತ್ತಿರಲಿಲ್ಲ. ಪಾದ್ರಿಗಳಿಗೆ ಗ್ರೀಕ್ ಕಲಿಸಿ ನಿವೃತ್ತರಾದವರು ಗೋಕುಲ ರಸ್ತೆಯಲ್ಲಿ ನಮ್ಮ ಪಕ್ಕದ ಮನೆಗೇ ಬಂದಿದ್ದರು. ಚರ್ಚಿನಲ್ಲಿ ಭಾನುವಾರ ವೇದಪಾಠ ಓದುವ ಸರದಿ ಯಾರದೋ, ಅವರು ಶನಿವಾರ ಸಂಜೆ ಮಾಸ್ತರ ಮುಂದೆ ಓದಿ ಒಪ್ಪಿಸಬೇಕು. ತಪ್ಪಿದರೆ ಚಹಾ ಇಲ್ಲ.

ಆ ವಾರ ನನ್ನ ಸರದಿ. ಕಪಟಿಗಳನ್ನು ಕುರಿತು ಯೇಸು ಮತ್ತೆ ಮತ್ತೆ ‘ಅಯ್ಯೋ’ ಎನ್ನುವ ಭಾಗ. ನಾನು ಗುಡುಗಿದೆ. ಮಾಸ್ತರು ಕೈಯೆತ್ತಿ ನಿಲ್ಲಿಸಿದರು.

“ಗ್ರೀಕಿನ್ಯಾಗ ಅದು ‘ಊಆಯ್’. ಹೆಣದ ಮುಂದ ಕುಂತು ಅಳೋರ ಬಾಯಾಗಿನ ಮಾತು. ಶಾಪಾ ಹಾಕಿದಂಗ ಓದಬ್ಯಾಡೋ ತಮ್ಮಾ. ಯಾರಿಗೆ ಅಂತಿ, ಅವನ ಸಲುವಾಗಿ ನಿನ್ನ ಕರುಳು ಚುರ್ ಅನ್ನಬೇಕು. ಬಟ್ಟು ತೋರಿಸಬ್ಯಾಡ, ಕೈ ಎದೀ ಮ್ಯಾಲ ಇಟ್ಕೊ.”

“ಆಗ್ಲಿರಿ” ಎಂದು ಚಹಾ ಕುಡಿದೆ. ಮನಸ್ಸಿನಲ್ಲಿದ್ದದ್ದೇ ಬೇರೆ. ಅಕ್ಕನ ಗಂಡ ಚರ್ಚಿನ ಹಿರಿಯರಲ್ಲೊಬ್ಬ. ಮನೆಯಲ್ಲಿ ಅಕ್ಕನನ್ನು ಬೆಲ್ಟಿನಿಂದ ದನಕ್ಕೆ ಬಡಿದಂತೆ ಬಡಿಯುತ್ತಿದ್ದ. ಅವಳು ಉದ್ದ ತೋಳಿನ ರವಿಕೆ ತೊಟ್ಟು, ಬಾಸುಂಡೆ ಮುಚ್ಚಿಕೊಂಡು, ಅವನ ಜೊತೆಯಲ್ಲೇ ಚರ್ಚಿಗೆ ಬಂದು ಹಾಡುತ್ತಿದ್ದಳು. ನನಗೋ ಕೋಪ ಮೂಗಿನ ತುದಿಯಲ್ಲೇ.

ಭಾನುವಾರ ಓದುಪೀಠದಿಂದ ಬೆರಳನ್ನು ನೆಟ್ಟಗೆ ಅವನ ಕಡೆಗೆ ಚಾಚಿ ಒಂದೊಂದು ‘ಅಯ್ಯೋ’ವನ್ನೂ ಕಲ್ಲಿನಂತೆ ಬೀಸಿದೆ. ಜನ ತಿರುಗಿ ತಿರುಗಿ ಅವನನ್ನೇ ನೋಡಿದರು. ಗೆದ್ದೆ ಅಂದುಕೊಂಡೆನಲ್ಲ, ಎಂಥ ಮೂರ್ಖ! ಆ ಅವಮಾನವನ್ನೆಲ್ಲ ಅವನು ಮಧ್ಯಾಹ್ನ ಅಕ್ಕನ ಮೈಮೇಲೆ ತೀರಿಸಿಕೊಂಡ. ಅವಳ ಮುಂಗೈ ಮುರಿದ, ಎರಡು ಹಲ್ಲು ಉದುರಿಸಿದ.

ಸುದ್ದಿ ಬಂದದ್ದೇ ತಡ, ನಾನು ದುಡಿಯುತ್ತಿದ್ದ ತಾರಿಹಾಳದ ಕಾರ್ಖಾನೆಯಿಂದ ತಂದಿಟ್ಟಿದ್ದ ಕಬ್ಬಿಣದ ಸಲಾಕೆ ಹಿಡಿದು ಹಿಂದಿನ ಗಲ್ಲಿಯ ಅವರ ಮನೆಗೆ ಓಡಿದೆ. ನನ್ನ ಬೆನ್ನಿಗೆ ಮಾಸ್ತರು, ಬರಿಗಾಲಲ್ಲಿ. ಅವನು ಅಂಗಳದಲ್ಲಿ ಕೈ ತೊಳೆಯುತ್ತಿದ್ದ. ತಲೆಗೇ ಗುರಿಯಿಟ್ಟು ಬೀಸಿದೆ. ನಡುವೆ ಮಾಸ್ತರು ನುಗ್ಗಿದರು. ಅವರ ಭುಜದ ಎಲುಬು ಲಟಕ್ಕನೆ ಮುರಿಯಿತು.

“ಅಯ್ಯೋ, ತಮ್ಮಾ!” ಎಂದು ನನ್ನನ್ನೇ ನೋಡುತ್ತ ಕುಸಿದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ನನ್ನ ಗತಿ ನೆನೆದು ಅಳುತ್ತಿದ್ದರು. ಸಲಾಕೆ ಕೈಯಿಂದ ಜಾರಿತು.

ಮಾರನೆಯ ದಿನ ಪಟ್ಟಿ ಕಟ್ಟಿದ ಭುಜದಲ್ಲೇ ಠಾಣೆಗೆ ಬಂದು ಅಕ್ಕನ ಪರವಾಗಿ ಸಾಕ್ಷಿ ಹೇಳಿದರು. ಅಕ್ಕನ ಗಂಡ ನನ್ನತ್ತ ಬೆರಳು ತೋರಿ ‘ಇವರಿಗೆ ಹೊಡದಾಂವ ಇಂವಾ’ ಎಂದಾಗ ಮಾಸ್ತರು, “ಇಲ್ರಿ, ನಾ ಪಾವಟಿಗಿ ಮ್ಯಾಲಿಂದ ಜಾರಿ ಬಿದ್ದೇನ್ರಿ” ಎಂದುಬಿಟ್ಟರು. ಅವರ ಮಾತೇ ನಿಂತಿತು. ಅವನು ಜೈಲಿಗೆ ಹೋದ, ನಾನು ಮನೆಗೆ ಬಂದೆ.

“ನೀವ್ಯಾಕ ಸುಳ್ಳು ಹೇಳಿದ್ರಿ?” ಎಂದು ಕೇಳಿದೆ.

“ನೀನೂ ಒಳಗ ಹ್ವಾದ್ರ ನಿಮ್ಮಕ್ಕಗ ಕೂಳು ಹಾಕೋರು ಯಾರೋ, ಹುಚ್ಚಾ?”

ಹೋದ ವರ್ಷ ಮಾಸ್ತರು ತೀರಿಕೊಂಡರು. ಶವಪೆಟ್ಟಿಗೆಯ ಮುಂದೆ ಎಲ್ಲರೂ ಅವರ ಪಾಂಡಿತ್ಯ ಹೊಗಳಿದರು. ಮೆಟ್ಟಿಲ ಮೇಲಿಂದ ಜಾರಿ ಬಿದ್ದ ಕಥೆಯನ್ನೂ ಯಾರೋ ನಗುತ್ತ ನೆನೆದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಅವರು ಜಾರಿ ಬಿದ್ದಿಲ್ರಿ. ಆ ಭುಜಾ ಮುರದಾಂವ ನಾನು.”

ಅಕ್ಕ ಎದ್ದು ಬಂದು ನನ್ನ ಪಕ್ಕ ನಿಂತಳು.

“ಖರೇ ಐತ್ರಿ” ಎಂದಳು. “ಅವರು ಅಡ್ಡ ಬರಲಿಲ್ಲಂದ್ರ ಇಂವಾ ಇವತ್ತ ಜೇಲಿನ್ಯಾಗ ಇರತಿದ್ದ.”