ನಿದ್ದೆ ಕಳೆದುಕೊಂಡ ಲಾರಿ ಡ್ರೈವರ್ ಭೀಮಶಂಕರ

ತೆಲಂಗಾಣದ ಮಕ್ತಲ್‌ನ ಭೀಮಶಂಕರನದು ಕುರಿ ಕಾಯುವವರ ಮನೆತನ. ಅಪ್ಪನಂತೆ ಮಂದೆಯ ಹಿಂದೆ ನಡೆಯುವುದು ಅವನಿಗೆ ಸೇರಲಿಲ್ಲ, ಲಾರಿ ಹತ್ತಿದ. ಐಜದ ಕಡೆಯ ಹತ್ತಿ ತುಂಬಿಕೊಂಡು ಮಹಾರಾಷ್ಟ್ರದ ಮಿಲ್ಲುಗಳಿಗೆ ಹೋಗಿಬರುವ ಕೆಲಸ. ಸುಗ್ಗಿಯಲ್ಲಿ ಒಂದು ಲೋಡು ಇಳಿಸುವಷ್ಟರಲ್ಲಿ ಇನ್ನೊಂದು ಕಾಯುತ್ತಿರುತ್ತಿತ್ತು. ಹಾಗೆ ಕಣ್ಣು ಎಳೆಯುತ್ತಿದ್ದಾಗಲೇ ಸೊಲ್ಲಾಪುರದಾಚೆಯ ಢಾಬಾವೊಂದರಲ್ಲಿ ಜೊತೆಯ ಡ್ರೈವರ್ ಹನುಮಂತು ಚಿಟಿಕೆಯಷ್ಟು ಬಿಳಿ ಪುಡಿ ಕೊಟ್ಟ. ಹನುಮಂತುವೇನೂ ಕೆಟ್ಟವನಲ್ಲ. ನಿದ್ದೆ ತಡೆಯುವ ಔಷಧಿ ಎಂದು ತನಗೆ ಯಾರೋ ಹೇಳಿದ್ದನ್ನೇ ಅವನೂ ಹೇಳಿದ್ದ. ಅದು ಮೆಥ್ ಎಂಬ ಮಾದಕವಸ್ತು ಎಂದೂ ಇಟ್ಟುಕೊಂಡರೆ ಜೈಲು ಎಂದೂ ಭೀಮಶಂಕರನಿಗೆ ಗೊತ್ತಾದದ್ದು ಆಮೇಲೆ.

ಪುಡಿ ತೆಗೆದುಕೊಂಡ ಮರುದಿನವೂ ಅವನ ಕಣ್ಣು ಮುಚ್ಚಲಿಲ್ಲ, ಹಸಿವೂ ಆಗಲಿಲ್ಲ. ಆದರೆ ಪುಡಿಯ ಕಸುವು ಇಳಿದ ಮೇಲೆ ಮೈ ಖಾಲಿ ಚೀಲದಂತೆ ಕುಸಿಯುತ್ತಿತ್ತು, ಯಾರ ಮುಖವೂ ಬೇಡವೆನಿಸುತ್ತಿತ್ತು. ಆಗ ಮತ್ತೆ ಪುಡಿ. ದೂರದ ಲೋಡಿಗೆ ಮಾತ್ರ ಎಂದುಕೊಂಡಿದ್ದವನಿಗೆ ವರ್ಷ ತಿರುಗುವಷ್ಟರಲ್ಲಿ ಮನೆಯಲ್ಲಿದ್ದರೂ ಬೇಕಾಯಿತು. ಹಲ್ಲು ಕಡಿದೂ ಕಡಿದೂ ದವಡೆಯವು ಉದುರಿದವು. ಅಂಗಿ ಭುಜದಿಂದ ಜಾರತೊಡಗಿತು. ಹೆಂಡತಿ ಭಾಗ್ಯ ಟಿಬಿ ಇರಬೇಕೆಂದು ನಾರಾಯಣಪೇಟೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಳು. ಅದರಲ್ಲಿ ಏನೂ ಸಿಗಲಿಲ್ಲ. ಚಟ ಏನಾದರೂ ಇದೆಯೇ ಎಂದು ಅಲ್ಲಿನ ಡಾಕ್ಟರ್ ಕೇಳಿದ್ದಕ್ಕೆ ಭೀಮಶಂಕರ ಬೀಡಿ ಎಂದ.

ಆಮೇಲೆ ಸಂಶಯ ಹತ್ತಿತು. ಚರ್ಮದೊಳಗೆ ಇರುವೆ ಹರಿದಂತಾಗಿ ಮುಂಗೈ ಕೆರೆದು ಗಾಯ ಮಾಡಿಕೊಂಡ. ಹಿಂದೆ ಬರುವ ಗಾಡಿಗಳೆಲ್ಲ ತನ್ನ ಬೆನ್ನು ಹತ್ತಿದಂತೆ ಕಂಡವು. ಭಾಗ್ಯ ತವರಿಗೆ ಫೋನು ಮಾಡಿದರೆ ಪೊಲೀಸರಿಗೆ ಸುದ್ದಿ ಕೊಡುತ್ತಿದ್ದಾಳೆ ಎಂದುಕೊಂಡ. ಒಂದು ಮಧ್ಯಾಹ್ನ ಗದ್ವಾಲದ ದಾರಿಯಲ್ಲಿ ಲಾರಿ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ ಜಿಗಿದು ಶೇಂಗಾ ಹೊಲದೊಳಗೆ ಓಡಿದ. ಹೊಲದಂಚಿನಲ್ಲಿ ಬೀರಲಿಂಗಪ್ಪ ಎಂಬ ಮುದುಕ ಕುರಿ ಮೇಯಿಸುತ್ತಿದ್ದ. ಇಬ್ಬರಿಗೂ ಪರಿಚಯವಿರಲಿಲ್ಲ.

"ನನ್ನ ಹಿಡಿಯಾಕ ಬಂದಾರ," ಎಂದ ಭೀಮಶಂಕರ.

"ಬರ್ಲಿ. ಬಂದ್ರ ನಾ ಮಾತಾಡ್ತೀನಿ. ನೀ ಮೊದ್ಲ ಕುಂದ್ರು," ಎಂದ ಮುದುಕ.

ಯಾರೂ ಬಂದಿಲ್ಲವೆಂದು ಅವನು ವಾದಿಸಲಿಲ್ಲ. ಕಂಬಳಿ ಹಾಸಿ ಕೂರಿಸಿದ, ನೀರು ಕುಡಿಸಿದ. ಭೀಮಶಂಕರ ಎದೆ ಹಿಡಿದುಕೊಂಡು ವಾಲಿದಾಗ ದಾರಿಹೋಕರನ್ನು ಕೂಗಿ ಆಂಬುಲೆನ್ಸ್ ಕರೆಸಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ಝಾನ್ಸಿ ಭಾಗ್ಯಳನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಮೂತ್ರ ಪರೀಕ್ಷೆಯಲ್ಲಿ ಮೆಥ್ ಸಿಕ್ಕಿದೆ. ಹೃದಯದ ಸ್ನಾಯು ಸೋತಿದೆ. ಪುಡಿ ಬಿಡದಿದ್ದರೆ ಮುಂದೆ ಮೆದುಳಿನ ರಕ್ತನಾಳವೂ ಒಡೆಯಬಹುದು. ಈ ಚಟ ಬಿಡಿಸುವುದಕ್ಕೆಂದೇ ಇರುವ ಗುಳಿಗೆ ಯಾವುದೂ ಇಲ್ಲ. ಊಟ, ನಿದ್ದೆ, ಮತ್ತೆ ಮತ್ತೆ ಆಸ್ಪತ್ರೆಗೆ ಬಂದು ಕೂತು ಮಾತಾಡುವುದು, ಇಷ್ಟೇ ದಾರಿ. ಭಾಗ್ಯ ಮಂಚದ ಬಳಿ ಬಂದು ಗಂಡನನ್ನು ಕೇಳಿದ್ದು ಒಂದೇ ಮಾತು.

"ಬೀಡಿ ಅಂತ ಯಾಕ ಸುಳ್ಳ ಹೇಳಿದ್ರಿ?"

ಅವನು ಗೋಡೆಯ ಕಡೆ ಹೊರಳಿದ.

ಸಂಶಯ ಕೆಲವು ವಾರಗಳಲ್ಲಿ ಕರಗಿತು. ಪುಡಿಯ ಆಸೆ ಅಷ್ಟು ಬೇಗ ಬಿಡಲಿಲ್ಲ. ಮನೆಗೆ ಬಂದ ಮೇಲೆ ಒಮ್ಮೆ ಎಲ್ಲಿಂದಲೋ ತಂದು ತೆಗೆದುಕೊಂಡ. ಆಮೇಲೆ ತಾನೇ ಭಾಗ್ಯಳಿಗೆ ಹೇಳಿದ. ಅವಳು ಅತ್ತು, ಕಣ್ಣೊರೆಸಿಕೊಂಡು, ಅಂದೇ ಮತ್ತೆ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಂದೀಚೆಗೆ ಮುಟ್ಟಿಲ್ಲ. ಈಗ ಮಕ್ತಲ್‌ನ ಹೆದ್ದಾರಿ ಪಕ್ಕ ಗಂಡಹೆಂಡಿರದು ಪಂಚರ್ ಅಂಗಡಿ. ಅವನು ಟ್ಯೂಬಿಗೆ ತೇಪೆ ಹಾಕುತ್ತಾನೆ. ಲಾರಿ ಟೈರು ಎತ್ತಲು ಹೋದರೆ ಉಸಿರು ಕಟ್ಟುತ್ತದೆ, ಅದು ಭಾಗ್ಯಳ ಪಾಲಿನ ಕೆಲಸ.

ಕಳೆದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಹನುಮಂತುವಿನ ಲಾರಿ ಅಂಗಡಿಯ ಮುಂದೆ ಬಂದು ನಿಂತಿತು. ಟೈರಿನ ಗಾಳಿ ಹೋಗಿತ್ತು. ಇಳಿದು ಬಂದವನ ದವಡೆ ಸುಮ್ಮನಿರಲಿಲ್ಲ, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಭಾಗ್ಯ ಜಾಕ್ ಕೊಟ್ಟು ಟೈರು ಬಿಚ್ಚಿದಳು. ಭೀಮಶಂಕರ ತೇಪೆಗೆ ಕೈ ಹಾಕಲಿಲ್ಲ.

"ಮೊದ್ಲ ನೀ ಮಲಗು. ಆಮ್ಯಾಲ ಟೈರು."

ಹನುಮಂತು ಬೈದ, ಬೇಡಿಕೊಂಡ, ಬೇರೆ ಅಂಗಡಿಗೆ ಹೋಗುತ್ತೇನೆಂದ. ಜಾಕಿನ ಮೇಲಿದ್ದ ಲಾರಿ ಎಲ್ಲಿಗೆ ಹೋದೀತು? ಮಧ್ಯಾಹ್ನ ದಾಟುವ ಹೊತ್ತಿಗೆ ಕಸುವಿಳಿದು ಅಂಗಡಿಯ ನೆಲದ ಮೇಲೆಯೇ ಉರುಳಿದ. ಸ್ವಲ್ಪ ಹೊತ್ತಿಗೆ ಅವನ ಫೋನು ಬಡಿದುಕೊಳ್ಳತೊಡಗಿತು. ಲಾರಿಯ ಮಾಲೀಕ. ಭೀಮಶಂಕರನೇ ಎತ್ತಿದ.

"ಗಾಡಿ ಪಂಚರ್ ಆಗೈತ್ರಿ ಸಾವ್ಕಾರ್ರ. ಇವತ್ತ ಬರಂಗಿಲ್ಲ."