ಮುಸ್ಸಂಜೆಯಲ್ಲಿ ನೋಡಿ ಕೊಂಡ ಸ್ಕೋಪ್

ಸೀರೆಯನ್ನು ಅಂಗಡಿಯ ದೀಪದಡಿ ನೋಡಿ ಕೊಳ್ಳಬಾರದು. ಬಾಗಿಲಾಚೆ ತಂದು, ಹಗಲ ಬೆಳಕಿನಲ್ಲಿ ಸೆರಗು ಹರವಿ ನೋಡಬೇಕು. ಅಮೆರಿಕದ ಸುವಾನಿ ಊರಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸೀರೆ ಮಾರುವ ನಾನು ನನ್ನ ಗಿರಾಕಿಗಳಿಗೂ ಇದನ್ನೇ ಹೇಳಿ, ಮನೆಯ ಹಿಂದಿನ ಮರದ ಡೆಕ್ಕಿಗೆ ಕರೆದೊಯ್ದು ತೋರಿಸುತ್ತೇನೆ. ಹಾಗೆ ಕೊಂಡ ಸೀರೆ ವಾಪಸ್ ಬರುವುದಿಲ್ಲ. ಜಿಂಕೆ ಬೇಟೆಯ ರೈಫಲ್ಲಿಗೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೊಳ್ಳಲು ಹೋದಾಗಲೂ ಈ ಅಭ್ಯಾಸವೇ ನನ್ನ ಕೈ ಹಿಡಿಯಿತು.

ಬೇಟೆ ನನ್ನ ಗಂಡನದು. ಅವರು ಕೊಡಗಿನವರು, ನಾನು ಮಾಂಸ ಮುಟ್ಟದ ಮೈಸೂರಿನವಳು. ಅವರು ತರುವ ಮಾಂಸಕ್ಕೆ ಗ್ಯಾರೇಜಿನಲ್ಲಿ ಬೇರೆ ಫ್ರೀಜರ್, ಬೇರೆ ಒಲೆ. ಹಾಗಾಗಿ ನಮ್ಮಲ್ಲಿ ಜಗಳವಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಅವರು ಕೋವಿಯನ್ನು ದೇವರ ಮುಂದಿಟ್ಟು, ನಳಿಗೆಯ ಬಾಯಿಗೆ ಹೂ ಸಿಕ್ಕಿಸುತ್ತಾರೆ. ಅವರ ಊರಿನ ಹೂ ಇಲ್ಲೆಲ್ಲಿ ಸಿಗಬೇಕು, ನನ್ನ ಕುಂಡದ ಚೆಂಡುಹೂವೇ ಆಗಬೇಕು.

ಹೋದ ವರ್ಷದ ಹಬ್ಬದಂದು ಆ ಹೂ ನಳಿಗೆಯ ಪಕ್ಕಕ್ಕೆ ಹೋಯಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಪಕ್ಕಕ್ಕೆ.

"ತೊಟ್ಟು ದಪ್ಪ ಇದೆ" ಎಂದರು.

ತೊಟ್ಟು ದಪ್ಪಗಿರಲಿಲ್ಲ. ವಯಸ್ಸಾಯಿತು, ಕೈ ನಡುಗಿರಬೇಕು ಎಂದುಕೊಂಡೆ. ಕೆಲವು ದಿನ ಕಳೆದು, "ಹಳೇ ಸ್ಕೋಪ್ ಮಂಜಾಗಿದೆ ಮಾರಾಯ್ತಿ, ಹೊಸದು ಬೇಕು" ಎಂದರು. ಮನೆಗೆ ಬರುವ ಯಾವ ಸಾಮಾನೂ ನಾನು ಚೌಕಾಸಿ ಮಾಡದೆ ಬಂದದ್ದಿಲ್ಲ. ನಾನೂ ಅವರ ಜೊತೆ ಹೊರಟೆ.

ಲಾರೆನ್ಸ್‌ವಿಲ್‌ನ ಬೇಟೆ ಸಾಮಾನಿನ ಅಂಗಡಿಯವನು ಮೂರು ಸ್ಕೋಪ್ ತೆಗೆದಿಟ್ಟ: ಅಗ್ಗದ್ದು, ಮಧ್ಯದ್ದು, ದುಬಾರಿಯದು. ಅಗ್ಗದ್ದರ ಡಬ್ಬದ ಮೇಲೇ ದೊಡ್ಡ ದೊಡ್ಡ ಅಂಕಿ, ಇಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂದು. ಆ ಅಂಕಿಗೆ ಮರುಳಾಗಬೇಡಿ. ಕಾಡಿನಲ್ಲಿ ಮೂರರಿಂದ ಒಂಬತ್ತು ಪಟ್ಟು ಧಾರಾಳವಾಯಿತು. ಕಣ್ಣಿಗೂ ಸ್ಕೋಪಿಗೂ ಅಂತರ ಎಷ್ಟಿರಬೇಕೆಂದು ಕೇಳಿಕೊಳ್ಳಿ. ತೀರಾ ಹತ್ತಿರವಿದ್ದರೆ ಗುಂಡು ಹಾರಿ ಕೋವಿ ಹಿಂದಕ್ಕೆ ಒದ್ದಾಗ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ಉಳಿದದ್ದೆಲ್ಲ ಗಾಜಿನ ಗುಣ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತಿಳಿಯಲಾಗದು, ಅಲ್ಲಿ ಮೂರೂ ಫಳಫಳ.

"ಜಿಂಕೆ ಯಾವಾಗ ಬರುತ್ತೆ ರೀ?" ಎಂದು ಗಂಡನನ್ನು ಕೇಳಿದೆ.

"ಹೊತ್ತು ಮುಳುಗೋವಾಗ."

"ಹಾಗಾದ್ರೆ ಹೊತ್ತು ಮುಳುಗೋವಾಗ್ಲೇ ನೋಡೋಣ."

ಇದನ್ನು ಹೇಳಿದಾಗ ಅಂಗಡಿಯವನು ನಕ್ಕ. ಆದರೂ ಸಂಜೆಗೆ ಮೂರು ಸ್ಕೋಪನ್ನೂ ಎತ್ತಿಕೊಂಡು ನಮ್ಮೊಂದಿಗೆ ಪಾರ್ಕಿಂಗ್ ಲಾಟಿಗೆ ಬಂದ. ಆಚೆ ತುದಿಯಲ್ಲಿ ಪೈನ್ ಮರಗಳ ಸಾಲಿತ್ತು. ಮೊದಲು ನಾನೇ ನೋಡಿದೆ. ಅಗ್ಗದ್ದರಲ್ಲಿ ಮರಗಳೆಲ್ಲ ಕೂಡಿ ಕೆಸರು ಕಲಸಿದಂತಿದ್ದವು. ಮಧ್ಯದ್ದರಲ್ಲಿ ತೊಗಟೆಯ ಬಿರುಕುಗಳೂ ಕಂಡವು. ದುಬಾರಿಯದು ಇನ್ನೊಂದು ಚೂರು ಮೇಲು. ಆ ಚೂರಿಗಾಗಿ ಅಷ್ಟೊಂದು ಸುರಿಯುವವರು ಸುರಿಯಲಿ.

ಆಮೇಲೆ ಅವರು ನೋಡಿದರು.

"ಮೂರೂ ಚೆನ್ನಾಗಿದೆ."

"ಮೂರೂ ಒಂದೇ ಥರಾನಾ?"

"ಹೂಂ, ಒಂದೇ."

ಎಲ್ಲ ಸೀರೆಯೂ ಚೆನ್ನಾಗಿದೆ ಎನ್ನುವ ಗಿರಾಕಿಯ ಮನಸ್ಸು ಸೀರೆಯ ಮೇಲಿರುವುದಿಲ್ಲ. ಮಧ್ಯದ ಸ್ಕೋಪನ್ನೇ ಮತ್ತೆ ಅವರ ಕೈಗೆ ಕೊಟ್ಟೆ.

"ಆ ಕೊನೇ ಮರದ ಬುಡದಲ್ಲಿ ಏನಿದೆ, ಹೇಳಿ."

"ಏನಿಲ್ಲ."

ಅಲ್ಲೊಂದು ದೊಡ್ಡ ನೀಲಿ ಕಸದ ಡಬ್ಬಿ ಇತ್ತು.

"ಎಡಗಣ್ಣಲ್ಲಿ ನೋಡಿ."

ತುಸು ಹೊತ್ತು ನೋಡಿ, "ಡಬ್ಬಿ. ಬೂದಿ ಬಣ್ಣದ್ದು" ಎಂದರು.

ಆಗ ನನಗೆ ನನ್ನ ಸ್ವೆಟರ್ ನೆನಪಾಯಿತು. ಅಚ್ಚ ನೀಲಿ ಸ್ವೆಟರನ್ನು ಅವರು ಚಳಿಗಾಲವಿಡೀ ಬೂದಿ ಎನ್ನುತ್ತಿದ್ದರು. ಬಣ್ಣ ಮಾರಿ ಬದುಕುವ ನನ್ನನ್ನು ರೇಗಿಸಲಿಕ್ಕೆ ಎಂದೇ ತಿಳಿದಿದ್ದೆ. ಮಂಜಾಗಿದ್ದದ್ದು ಹಳೇ ಸ್ಕೋಪ್ ಅಲ್ಲ.

"ಯಾವಾಗಿಂದ ರೀ?"

"ಹೋದ ಬೇಟೆ ಸೀಸನ್ನಿಂದ. ಹೇಳಿದ್ರೆ ನೀನು ಕೋವಿ ಮಾರಿಬಿಡ್ತಿದ್ದೆ."

"ಮಾರ್ತಿರ್ಲಿಲ್ಲ. ಅದಕ್ಕೀಗ ರೇಟಿಲ್ಲ."

ಅವರು ನಕ್ಕರು, ಆದರೆ ಸ್ಕೋಪ್ ಹಿಡಿದಿದ್ದ ಕೈ ಕೆಳಗಿಳಿಯಲಿಲ್ಲ. ಇನ್ನು ಕಾಡಿಲ್ಲ, ಇನ್ನು ಮನೆಯಲ್ಲಿ ಕೂತು ಟಿವಿ ನೋಡುವುದೇ ಎಂಬ ಭಯವನ್ನು ವರ್ಷವಿಡೀ ಒಬ್ಬರೇ ನುಂಗಿಕೊಂಡಿದ್ದರು. ಅವರ ಕೈಯಿಂದ ಸ್ಕೋಪ್ ಬಿಡಿಸಿಕೊಂಡು ಅಂಗಡಿಯವನ ಕಡೆ ತಿರುಗಿದೆ. ಮಧ್ಯದ್ದನ್ನು ನಮಗಾಗಿ ಎತ್ತಿಡಬೇಕು, ಇವತ್ತಿನ ಸೇಲ್ ಬೆಲೆಗೇ ಕೊಡಬೇಕು, ಕೋವಿಗೆ ಕೂರಿಸುವ ಉಂಗುರಗಳನ್ನೂ ಸೇರಿಸಬೇಕು. ನಾವು ಮೊದಲು ಕಣ್ಣು ಸರಿಮಾಡಿಸಿಕೊಂಡು ಬರುತ್ತೇವೆ ಎಂದೆ. ಅವನು ನನ್ನನ್ನು ನೋಡಿದ, ಅವರನ್ನು ನೋಡಿದ. ಉಂಗುರದ ವಿಷಯದಲ್ಲಿ ಸ್ವಲ್ಪ ಎಳೆದಾಡಿ ಒಪ್ಪಿದ.

ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರ್. ಕಾಡುಹಂದಿಗೆ ಹೆದರದ ಮನುಷ್ಯ ಆಪರೇಷನ್ ದಿನ ನನ್ನ ಕೈ ಬಿಡಲಿಲ್ಲ. ನರ್ಸ್ ಬಂದು ಬಿಡಿಸಬೇಕಾಯಿತು. ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಕ್ಕಿದ್ದಂತೆ ಹೊಸ ಕನ್ನಡಕ, ಹೊಸ ಟಿವಿ, ಹೊಸ ಸ್ಕೋಪ್ ಬೇಕೆಂದರೆ, ಮೊದಲು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ. ಬೆಲೆ ಆಮೇಲೆ ಕೇಳಿ.

ಡಾಕ್ಟರು ಬೇಟೆಗೆ ಅಡ್ಡಿಯಿಲ್ಲ ಎಂದ ಮೇಲೆ ಮತ್ತೆ ಅದೇ ಪಾರ್ಕಿಂಗ್ ಲಾಟ್, ಅದೇ ಹೊತ್ತು. ಎತ್ತಿಟ್ಟಿದ್ದ ಸ್ಕೋಪನ್ನು ಅವರು ಬಲಗಣ್ಣಿಗೆ ಹಿಡಿದರು.

"ಡಬ್ಬಿ ನೀಲಿ" ಎಂದರು. ಆಮೇಲೆ ಅದನ್ನು ಕೆಳಗಿಳಿಸಿ ಬರಿಗಣ್ಣಲ್ಲಿ ನನ್ನನ್ನು ನೋಡಿದರು. "ನಿನ್ನ ಸ್ವೆಟರೂ ನೀಲಿನೇ ಕಣೇ. ಯಾವಾಗ ತಗೊಂಡೆ?"

"ಬೂದಿ ಬೂದಿ ಅಂತಿದ್ರಲ್ಲ, ಅದೇ ಇದು."

ಅಂಗಡಿಯವನು ಬಿಲ್ ಮಾಡಲು ಒಳಗೆ ಹೋಗಿ ಕಾಯುತ್ತಿದ್ದ. ಇವರು ಮಾತ್ರ ಸ್ವೆಟರಿನ ತೋಳು ಹಿಡಿದುಕೊಂಡು ನಿಂತೇ ಇದ್ದರು.

ಆ ಸೀಸನ್ ಮುಗಿಯುವುದರೊಳಗೆ ಗ್ಯಾರೇಜಿನ ಫ್ರೀಜರ್ ತುಂಬಿತು. ಈ ವರ್ಷ ಮತ್ತೆ ಕೈಲ್‌ಪೊಳ್ದ್ ಬಂತು. ಈ ಸಲದ ಚೆಂಡುಹೂವಿನ ತೊಟ್ಟು ನಿಜವಾಗಿಯೂ ದಪ್ಪಗಿತ್ತು. ನಾನು ಅದನ್ನೇ ಅವರ ಕೈಗೆ ಕೊಟ್ಟೆ. ಅದು ಸೀದಾ ಹೋಗಿ ನಳಿಗೆಯ ಬಾಯಲ್ಲಿ ಕೂತಿತು.