ಎಡಚಿಯ ಗಿಟಾರು

ಬ್ಯಾಂಡಿನವರು ಆಕೆಯನ್ನು ಕರೆಯುತ್ತಿದ್ದುದೇ ಎಡಚಿ ಎಂದು. ಹೋಟೆಲಿನ ಕುಣಿತದ ಹಾಲಿನಲ್ಲಿ ಗಿಟಾರು ನುಡಿಸುತ್ತಲೇ ಆಯುಸ್ಸಿನ ಅರ್ಧ ಕಳೆದವಳು. ಅವಳ ಎಲೆಕ್ಟ್ರಿಕ್ ಗಿಟಾರು ಮಾಡಿದವರು ಬುದ್ಧಿವಂತರೇ. ಟೊಳ್ಳು ಗಿಟಾರಿಗೆ ಕರೆಂಟು ಕೊಟ್ಟರೆ ಕಿರುಚುತ್ತದೆಂದು ಗಟ್ಟಿ ಮರದಲ್ಲೇ ಮಾಡಿದರು. ಪಕ್ಕೆಗೆ ಒತ್ತುತ್ತದೆಂದು ನುಡಿಸುವವರು ಗೊಣಗಿದಾಗ ಹಿಂಬದಿಯನ್ನು ತಗ್ಗಾಗಿ ಕೆತ್ತಿದರು. ಎಡಗೈಯವರೂ ಭೂಮಿಯ ಮೇಲಿದ್ದಾರೆ ಎಂಬುದೊಂದು ಮಾತ್ರ ಹೊಳೆಯಲಿಲ್ಲ, ಪುಣ್ಯಾತ್ಮರಿಗೆ! ಅದಕ್ಕೇ ಅವಳು ಅದನ್ನು ತಿರುಗಿಸಿ ಹಿಡಿದು, ತಂತಿಗಳನ್ನು ಅದಲುಬದಲು ಕಟ್ಟಿಕೊಂಡು ನುಡಿಸಿದಳು. ವಾಲ್ಯೂಮಿನ ಗುಂಡಿಗಳು ಮೊಣಕೈಯಡಿಗೇ ಬರುತ್ತಿದ್ದವು. ಅಲ್ಲಿ ಉಜ್ಜಿ ಉಜ್ಜಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಅದು ಬಿಟ್ಟರೆ ಒಂದು ಗೀರಿಲ್ಲ. ಹಾಗೆ ಜೋಪಾನ ಮಾಡಿದ್ದಳು.

ಹೋಟೆಲಿಗೆ ಹೊಸ ರೂಪ ಕೊಟ್ಟಾಗ, ಗೋಡೆಗೆ ಹಾಕುತ್ತೇವೆಂದು ಹೊಸದಾಗಿ ಬಂದ ಮ್ಯಾನೇಜರು ಗಿಟಾರು ಕೇಳಿದ. ಕೊಟ್ಟಳು. ತಂಗಿಯನ್ನು ಕರೆದುಕೊಂಡು ನೋಡಲು ಹೋದರೆ, ಕೆಳಗೊಂದು ಫಲಕ: ‘ನಮ್ಮ ಬ್ಯಾಂಡ್ ಮಾಸ್ಟರ್ ನುಡಿಸಿದ ಗಿಟಾರ್.’

ಮಾಸ್ಟರ್ ಎಂದರೆ ತೀರಿಕೊಂಡ ಅವಳ ಗಂಡ. ಡ್ರಮ್ಮು ಬಡಿಯುತ್ತಿದ್ದವನು. ಗಿಟಾರಿಗೆಷ್ಟು ತಂತಿ ಎಂದು ಕೇಳಿದರೆ ಎಣಿಸಿ ನೋಡಿ ಹೇಳಬೇಕಿತ್ತು ಅವನು.

“ಹೋಗ್ಲಿ ಬಿಡೇ ಅಕ್ಕಾ, ಭಾವನ ಹೆಸರು ತಾನೆ” ಎಂದಳು ತಂಗಿ.

ಅಷ್ಟರಲ್ಲಿ ಮ್ಯಾನೇಜರು ಹಲ್ಲು ಕಿರಿಯುತ್ತ ಬಂದ. “ತಂತಿ ಎಲ್ಲಾ ಉಲ್ಟಾ ಹಾಕ್ಬಿಟ್ಟಿದ್ರು ಮೇಡಂ. ಯಾರೋ ಗೊತ್ತಿಲ್ದೋರು ಮಾಡಿರ್ಬೇಕು. ನಾವು ಸರಿ ಮಾಡಿಸಿದ್ವಿ.”

ಅವಳ ಮೈಯೆಲ್ಲ ಉರಿದುಹೋಯಿತು. ಹೆಸರು ಕಿತ್ತುಕೊಂಡದ್ದು ಸಾಲದೆ ಗುರುತನ್ನೂ ಅಳಿಸಿದ್ದರು!

“ಯಾರನ್ನ ಕೇಳಿ ಮುಟ್ಟಿದ್ರಿ?” ಎಂದವಳೇ ಗಿಟಾರನ್ನು ಗೋಡೆಯಿಂದ ಇಳಿಸಿದಳು. ಅಲ್ಲೇ ಸೋಫಾದ ಮೇಲೆ ಕೂತು, ಬೈಯುತ್ತಲೇ ತಂತಿಗಳನ್ನು ಬಿಚ್ಚಿ ತನ್ನ ಕ್ರಮದಲ್ಲಿ ಕಟ್ಟಿದಳು. ಹೋಗಿಬರುವವರು ನಿಂತು ನೋಡಿದರು. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊಣಕೈ ಆ ಸವೆದ ಜಾಗದಲ್ಲಿ ಹೋಗಿ ಕೂತಿತು. ನುಡಿಸಿದಳು. ಕರೆಂಟಿಲ್ಲದ ಗಿಟಾರಿನ ದನಿ ಎಷ್ಟು ಮಾತ್ರ? ಕೇಳಬೇಕೆಂದರೆ ಎಲ್ಲರೂ ಬಾಯಿ ಮುಚ್ಚಲೇಬೇಕಾಯಿತು.

ಮುಗಿದಾಗ ಮ್ಯಾನೇಜರು ಕೈ ಹೊಸೆದ. “ತಪ್ಪಾಯ್ತು ಮೇಡಂ. ಮಾಸ್ಟರ್ ಅವರ ಹೆಂಡತಿ ನುಡಿಸಿದ್ದು ಅಂತ ಬರೆಸ್ತೀವಿ.”

ಅವಳು ಗಿಟಾರನ್ನು ಹೆಗಲಿಗೇರಿಸಿಕೊಂಡು ಬಾಗಿಲತ್ತ ಹೊರಟೇಬಿಟ್ಟಳು.

“ಹೆಂಡತಿ ನುಡಿಸ್ಲಿಲ್ಲ ಕಣಯ್ಯಾ,” ಎಂದಳು, “ನಾನು ನುಡಿಸಿದ್ದು.”